ಟಿಡಿಎಸ್ ಮೀಟರ್ ನೋಡಿ ನೆಮ್ಮದಿ ಬೇಡ

ಮಾನ್ಯ ಸಂಪಾದಕರೇ,

ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ನೋಡಿಕೊಳ್ಳುವವನು. ಬೆಳಿಗ್ಗೆ ಬೀಗ ತೆಗೆಯುವುದು, ಮೋಟರ್ ಹಾಕುವುದು, ಫಿಲ್ಟರ್ ತೊಳೆಯುವುದು, ಕಾಯಿನ್ ಬಾಕ್ಸ್ ಕೈಕೊಟ್ಟರೆ ಅದರ ತಲೆಗೊಂದು ಏಟು ಹಾಕುವುದು ನನ್ನ ಕೆಲಸ. ಕ್ಯಾನ್ ತುಂಬುವಷ್ಟರಲ್ಲಿ ಜನ ಕೇಳುವುದು ಒಂದೇ ಮಾತು: "ಟಿಡಿಎಸ್ ಎಷ್ಟೈತಣ್ಣ?" ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ್ದೆಲ್ಲದರ ಒಟ್ಟು ಪ್ರಮಾಣ. ಕಡಿಮೆ ಇದೆ ಅಂದರೆ ನೆಮ್ಮದಿಯಾಗಿ ಹೋಗುತ್ತಾರೆ. ಆ ನೆಮ್ಮದಿ ಸರಿಯಲ್ಲ ಅಂತ ಹೇಳುವುದಕ್ಕೇ ಈ ಪತ್ರ.

ಹೈಸ್ಕೂಲಿನಲ್ಲಿ ಮಿಶ್ರಣ ಮತ್ತು ಸಂಯುಕ್ತ ಅಂತ ಪಾಠ ಇರುತ್ತದಲ್ವಾ? 'ವ್ಯತ್ಯಾಸ ಬರೆಯಿರಿ' ಅಂತ ಪ್ರಶ್ನೆ ಬರುತ್ತಿತ್ತು. ನಡುವೆ ಗೀಟು ಎಳೆದು ಬರೆದು ಮರೆಯುತ್ತಿದ್ದೆವು. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗೋಳೆಲ್ಲ ಆ ಪಾಠದಲ್ಲೇ ಇದೆ.

ನೀರು ಸಂಯುಕ್ತ. ಹೈಡ್ರೋಜನ್, ಆಕ್ಸಿಜನ್ ಎರಡೂ ರಾಸಾಯನಿಕವಾಗಿ ಕೂಡಿ ಆದದ್ದು. 9 ಕಿಲೋ ನೀರಿನಲ್ಲಿ 1 ಕಿಲೋ ಹೈಡ್ರೋಜನ್, 8 ಕಿಲೋ ಆಕ್ಸಿಜನ್. ತುಂಗಭದ್ರೆಯದಾಗಲಿ, ಶಾಂತಿಸಾಗರದ್ದಾಗಲಿ, ಮಳೆಯದಾಗಲಿ, ನೀರು ಅಂದಮೇಲೆ ಈ ಲೆಕ್ಕ ತಪ್ಪುವುದಿಲ್ಲ. ಆದರೆ ಬೋರ್‌ವೆಲ್ಲಿಂದ ಬರುವುದು ಬರೀ ನೀರಲ್ಲ. ಕಲ್ಲಿನ ಸಂದಿಯಲ್ಲಿ ನಿಂತು ನಿಂತು ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಲವಣಗಳು ಅದರಲ್ಲಿ ಕರಗಿರುತ್ತವೆ. ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಕೂಡ ಹಾಗೇ ಸೇರಿಕೊಳ್ಳುತ್ತದೆ. ಅದು ಮಿಶ್ರಣ. ಮಿಶ್ರಣದಲ್ಲಿ ಯಾವುದು ಎಷ್ಟಿರಬೇಕು ಅನ್ನುವ ಕಟ್ಟುಪಾಡೇ ಇಲ್ಲ. ದಾವಣಗೆರೆಯ ಖಾರ ಮಂಡಕ್ಕಿ ಒಂದು ಅಂಗಡಿಯಲ್ಲಿ ಖಾರ ಜಾಸ್ತಿ, ಇನ್ನೊಂದರಲ್ಲಿ ಈರುಳ್ಳಿ ಜಾಸ್ತಿ, ಆದರೂ ಎರಡೂ ಮಂಡಕ್ಕಿಯೇ ಅಲ್ವಾ, ಹಾಗೆ. ಒಂದೇ ಬೋರಿನ ನೀರು ಏಪ್ರಿಲ್‌ನಲ್ಲಿ ಒಂದು ಥರ, ಮಳೆ ಬಿದ್ದ ಮೇಲೆ ಒಂದು ಥರ ಇರಬಹುದು. ಪಕ್ಕದಲ್ಲಿ ಕೆರೆ ತುಂಬಿದರೂ ಬದಲಾಗಬಹುದು.

ಹೀಗಿರುವಾಗ ನಮ್ಮ ಘಟಕದ ಗೋಡೆಯ ಮೇಲೆ ಏನಿದೆ ಗೊತ್ತಾ? ಉದ್ಘಾಟನೆ ಹೊತ್ತಿಗೆ ಮಾಡಿಸಿದ ಪರೀಕ್ಷೆಯ ವರದಿ. ಬಿಸಿಲಿಗೆ ಅಕ್ಷರವೂ ಮಾಸಿದೆ. ಅದಾದ ಮೇಲೆ ಫ್ಲೋರೈಡ್ ನೋಡಿದವರಿಲ್ಲ. ಕೇಳಿದರೆ "ಮೀಟರ್ ಇದೆಯಲ್ಲ" ಅಂತಾರೆ.

ಮೀಟರ್ ಹೇಳುವುದೇ ಬೇರೆ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆದು, ಕರಗಿದ್ದೆಲ್ಲ ಸೇರಿ ಸುಮಾರು ಇಷ್ಟಿರಬಹುದು ಅಂತ ಒಂದು ಅಂಕಿ ತೋರಿಸುತ್ತದೆ, ಅಷ್ಟೇ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ನಡೆಯುತ್ತದೆ. ಬೋರ್‌ವೆಲ್ ನೀರಿನ ಟಿಡಿಎಸ್ ಲೀಟರಿಗೆ 900 ಮಿಲಿಗ್ರಾಂ ಅಂತಿಟ್ಟುಕೊಳ್ಳಿ. ಅದರಲ್ಲಿ ಫ್ಲೋರೈಡ್ 1 ಇದೆಯೋ 3 ಇದೆಯೋ ಮೀಟರಿಗೆ ಹೇಗೆ ತಿಳಿಯಬೇಕು? ಮಕ್ಕಳ ಹಲ್ಲಿಗೆ ಮಾತ್ರ ತಿಳಿಯುತ್ತದೆ.

"ಕಾಯಿಸಿ ಕುಡಿದರೆ ಮುಗೀತಲ್ಲ" ಅನ್ನುವವರೂ ಇದ್ದಾರೆ. ಪಾತ್ರೆ ತಳದಲ್ಲಿ ಕಟ್ಟುವ ಬಿಳಿ ಪದರ ತೋರಿಸಿ "ನೋಡು, ಎಲ್ಲ ಕೆಳಗೆ ಕೂತಿದೆ" ಅಂತಾರೆ. ಆ ಪದರದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ, ಸಣ್ಣಗೆ ಗುಳ್ಳೆ ಏಳುತ್ತದೆ. ಅದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಕರಗಿದ್ದ ಬೈಕಾರ್ಬೊನೇಟ್ ಬಿಸಿಗೆ ಒಡೆದು ಹೊಸ ಸಂಯುಕ್ತವಾಗಿ ತಳ ಹಿಡಿದಿದೆ. ಫ್ಲೋರೈಡ್ ಹಾಗೆ ಒಡೆಯುವುದೂ ಇಲ್ಲ, ಆವಿಯಾಗಿ ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಜಾಸ್ತಿಯಾಗುತ್ತದೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ಅದಕ್ಕೆ ಕಾಯಿಸಲಿ. ಬಟ್ಟೆಯಲ್ಲಿ ಸೋಸಿದರೆ ಕಸ ಹೋಗುತ್ತದೆ. ಕರಗಿದ್ದು ಬಟ್ಟೆ ದಾಟಿ ಆರಾಮಾಗಿ ಇಳಿಯುತ್ತದೆ.

ಫ್ಲೋರೈಡ್ ನೋಡುವುದು ದೊಡ್ಡ ವಿದ್ಯೆಯೇನಲ್ಲ. ಹಳ್ಳಿಯಲ್ಲೇ ಪರೀಕ್ಷೆ ಮಾಡುವ ಕಿಟ್ ಇರುತ್ತದೆ. ಅದರ ಗುಲಾಬಿ ದ್ರಾವಣದಲ್ಲಿ ಜಿರ್ಕೋನಿಯಂ ಅನ್ನುವ ಲೋಹ ಮತ್ತು ಒಂದು ಬಣ್ಣ ಕೂಡಿಕೊಂಡಿರುತ್ತವೆ. ಫ್ಲೋರೈಡ್ ಬಂತೋ, ಬಣ್ಣದ ಕೈ ಬಿಡಿಸಿ ಜಿರ್ಕೋನಿಯಮ್ಮನ್ನು ತಾನು ಹಿಡಿದುಕೊಳ್ಳುತ್ತದೆ. ಗುಲಾಬಿ ಹಳದಿಯ ಕಡೆಗೆ ತಿರುಗುತ್ತದೆ. ಹೈಸ್ಕೂಲಿನ ಮೇಷ್ಟ್ರುಗಳು ಮಕ್ಕಳನ್ನು ಕರೆದುಕೊಂಡು ಬಂದರೆ ನಮ್ಮ ಘಟಕದಲ್ಲೇ ಒಂದು ಪೀರಿಯಡ್ ಪಾಠ ಮಾಡಬಹುದು.

ಇನ್ನೊಂದು ಮಾತು, ವೇಸ್ಟ್ ಪೈಪಿನದು. ಘಟಕದಲ್ಲಿ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಫ್ಲೋರೈಡನ್ನು ಸುಟ್ಟು ಹಾಕುವುದಿಲ್ಲ. ಒತ್ತಡ ಕೊಟ್ಟು ನೀರನ್ನು ಮೆಂಬ್ರೇನ್ ಅನ್ನುವ ತೆಳು ಪೊರೆಯ ಆಚೆ ದೂಡುತ್ತದೆ. ಈಚೆ ಉಳಿದ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಆ ನೀರು ಕೆಲವು ಕಡೆ ದನಕರುಗಳ ತೊಟ್ಟಿಗೆ ಹೋಗುತ್ತಿದೆ. ಮೂಕ ಪ್ರಾಣಿ, ಹಲ್ಲು ನೋಯುತ್ತದೆ ಅಂತ ಹೇಳುತ್ತದೆಯೇ? ಅದನ್ನು ಶೌಚಾಲಯಕ್ಕೆ, ನೆಲ ತೊಳೆಯಲು ತಿರುಗಿಸಿ.

ಸಂಬಂಧಪಟ್ಟವರು ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಬೋರಿನ ನೀರು, ನಲ್ಲಿಯ ನೀರು ಎರಡನ್ನೂ ಪರೀಕ್ಷೆ ಮಾಡಿಸಲಿ. ಫ್ಲೋರೈಡ್ ಎಷ್ಟು, ಯಾವ ತಾರೀಖು, ಮೆಂಬ್ರೇನ್ ಬದಲಿಸಿದ್ದು ಯಾವಾಗ, ಈ ಮೂರನ್ನೂ ಗೋಡೆಯ ಮೇಲೆ ದೊಡ್ಡದಾಗಿ ಬರೆಸಲಿ. ಬಣ್ಣ, ಬ್ರಷ್ಷಿನ ಖರ್ಚು ನಾನೇ ಹಾಕುತ್ತೇನೆ. ಅಂಕಿ ಕೊಡಿ ಸಾಕು.

— ನೀರಿನ ಘಟಕದ ನಿರ್ವಾಹಕ, ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ