ನಮ್ಮ ಕುದುರೆಗಳಿಗೆ ಒಣ ನೆಲ ಕೊಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಮೈಸೂರಿನ ಒಬ್ಬ ಟಾಂಗಾ ಗಾಡಿಯವನ ನಮಸ್ಕಾರ.

ಮೂರು ಮಳೆಗಾಲದಿಂದ ಅರ್ಜಿ ಕೊಡುತ್ತಾ ಇದ್ದೇನೆ. ಕೇಳುತ್ತಿರುವುದು ಎರಡೇ. ನಮ್ಮ ಟಾಂಗಾ ಸ್ಟ್ಯಾಂಡಿನ ನೆಲ ಎತ್ತರಿಸಿ, ನೀರು ನಿಲ್ಲದ ಹಾಗೆ ಮಾಡಿಸಿ. ಹದಿನೈದು ದಿನಕ್ಕೊಮ್ಮೆ ಕುದುರೆ ಕಾಲು ನೋಡಿ ಗೊತ್ತಿರುವ ಡಾಕ್ಟರನ್ನು ಕಳಿಸಿ.

ಈ ಸಲ ಆಗಿದ್ದನ್ನು ಹೇಳಲೇಬೇಕು. ಜುಲೈ ಮಳೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಕುದುರೆ ಚೆಲುವಿ ಎಡ ಹಿಂಗಾಲು ಊರಲಿಲ್ಲ. ಕಾಲೆತ್ತಿ ನನ್ನ ತೊಡೆ ಮೇಲಿಟ್ಟುಕೊಂಡು ಕೆಸರು ಕೆರೆದೆ. ಗೊರಸಿನ ಅಡಿಯಲ್ಲಿ ಮೂರು ಮೂಲೆಯ ಮೆತ್ತನೆ ಭಾಗ ಇರುತ್ತಲ್ಲ, ಅದರ ಪಕ್ಕದ ಸಂದಿಯಿಂದ ಕರ್ರಗೆ ಅಂಟು ಬಂತು. ಸತ್ತ ಇಲಿಯ ವಾಸನೆ. ಗೊರಸು ಮುಟ್ಟಿದರೆ ಬಿಸಿ. ವಾರಗಟ್ಟಲೆ ಗಂಜಲ, ಲದ್ದಿ, ಮಳೆನೀರಿನಲ್ಲಿ ನಿಂತ ಕಾಲು ಇನ್ನೇನಾಗುತ್ತೆ?

ಕುಂಟುತ್ತಿದ್ದವಳನ್ನು ಹಾಗೇ ನಡೆಸಿಕೊಂಡು ಪಶು ಆಸ್ಪತ್ರೆಗೆ ಹೋದೆ. ಅಲ್ಲಿದ್ದವರು ಕಾಲೆತ್ತಿ ಕೂಡ ನೋಡಲಿಲ್ಲ. ಬಾಗಿಲಲ್ಲೇ ನಿಂತು, ‘ಕಾಲುಬಾಯಿ ಜ್ವರ ಇರಬೇಕು, ಲಸಿಕೆ ಬಂದಾಗ ಬಾ’ ಅಂದರು. ಸ್ವಾಮಿ, ಕಾಲುಬಾಯಿ ಜ್ವರ ಬರುವುದು ಸೀಳುಗೊರಸಿನ ದನ, ಎಮ್ಮೆ, ಕುರಿ, ಹಂದಿಗೆ. ಕುದುರೆಗೂ ಹೇಸರಗತ್ತೆಗೂ ಅದು ಬರುವುದೇ ಇಲ್ಲ. ಏಳನೇ ಕ್ಲಾಸು ಓದಿದ ನನಗೆ ಗೊತ್ತಿರುವುದು ಆಸ್ಪತ್ರೆಯಲ್ಲಿ ಕೂತವರಿಗೆ ಗೊತ್ತಿರಬೇಡವೇ? ಅವತ್ತು ವಾಪಸ್ ಬರುವಾಗ ದಾರಿಯಲ್ಲಿ ನಾಲ್ಕು ಸಲ ನಿಂತಳು. ನನಗೆ ಅಳು ಬಂತು.

ನಾಲ್ಕು ದಿನ ಆದ ಮೇಲೆ ರೇಸ್ ಕುದುರೆ ನೋಡುವ ಡಾಕ್ಟರೊಬ್ಬರನ್ನು ದುಡ್ಡು ಕೊಟ್ಟು ಕರೆಸಿದೆ. ಲಾಳ ಬಿಚ್ಚಿಸಿ, ಕೊಳೆತದ್ದನ್ನು ಕೆತ್ತಿ, ಒಳಗಿದ್ದ ಕೀವು ಹರಿಯಲು ದಾರಿ ಮಾಡಿದರು. ಎಪ್ಸಮ್ ಸಾಲ್ಟ್ ಹಾಕಿದ ಬಿಸಿನೀರಿನಲ್ಲಿ ಕಾಲು ನೆನೆಸಿ, ಒರೆಸಿ, ಅಯೋಡಿನ್ ಹತ್ತಿ ಇಟ್ಟು ಕಟ್ಟಿದರು. ಧನುರ್ವಾಯು ಇಂಜೆಕ್ಷನ್ನೂ ಕೊಟ್ಟರು. ಅದು ತಗುಲಿದರೆ ಕುದುರೆ ಉಳಿಯುವುದು ಕಷ್ಟ. ಹೋಗುವಾಗ, ‘ಒಣಗಿದ ಜಾಗದಲ್ಲಿ ನಿಲ್ಲಿಸು, ಇಲ್ಲದಿದ್ದರೆ ಮತ್ತೆ ಬರುತ್ತೆ’ ಅಂದರು. ಒಣಗಿದ ಜಾಗ ನಾನು ಎಲ್ಲಿಂದ ತರಲಿ?

ಇಪ್ಪತ್ತಾರು ದಿನ ಗಾಡಿ ಹೂಡಲಿಲ್ಲ. ಹುರುಳಿ, ಬೂಸಾ ಎಲ್ಲ ಸಾಲ. ಮಗಳ ಕಾಲೇಜು ಫೀಸಿಗೆ ಎತ್ತಿಟ್ಟಿದ್ದ ದುಡ್ಡು ಔಷಧಿಗೆ ಹೋಯಿತು.

ಕಾಯ್ದೆ ನಿಮಗೆ ಗೊತ್ತೇ ಇದೆ. ಕುಂಟುವ ಕುದುರೆಯನ್ನು ಗಾಡಿಗೆ ಕಟ್ಟುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಕಟ್ಟಬಾರದು, ನಾನೂ ಕಟ್ಟಲಿಲ್ಲ. ಆದರೆ ಅದು ಕುಂಟದ ಹಾಗೆ ನೋಡಿಕೊಳ್ಳಲು ಒಣ ನೆಲ ಬೇಕು, ಡಾಕ್ಟರ್ ಬೇಕು. ದಸರಾದಲ್ಲಿ ಪಾರಂಪರಿಕ ಟಾಂಗಾ ಸವಾರಿಗೆ ಇದೇ ಕುದುರೆಗಳು ಬೇಕಲ್ವಾ? ಉಳಿದ ತಿಂಗಳೂ ಅವಕ್ಕೆ ಕಾಲು ಇರುತ್ತೆ.

ನೆಲ ಮಾಡಿಸಿಕೊಡಿ. ಡಾಕ್ಟರನ್ನು ಕಳಿಸಿ. ಮತ್ತೆ ಅರ್ಜಿ ಬರೆಯಲು ನನಗೆ ಶಕ್ತಿ ಇಲ್ಲ. ಒಂದು ದಿನ ಬೆಳಿಗ್ಗೆ ಆರಕ್ಕೆ ನೀವೇ ಸ್ಟ್ಯಾಂಡಿಗೆ ಬನ್ನಿ, ಒಂದೊಂದೇ ಕುದುರೆಯ ಕಾಲೆತ್ತಿ ತೋರಿಸುತ್ತೇನೆ.

ಇಂತಿ,
ಮೈಸೂರಿನ ಒಬ್ಬ ಟಾಂಗಾ ಗಾಡಿಯವನು