ಆಕರಗ್ರಂಥ ಎಂದ ಮೇಲೆ ಸೂಚಿ ಎಲ್ಲಿ?

ಮಾನ್ಯರೇ,

ಕನ್ನಡ ಚಿತ್ರರಂಗದ ಹಳೆಯ ತಾರೆಯರ ಬಗ್ಗೆ ಪುಸ್ತಕಗಳಿಗೇನೂ ಬರವಿಲ್ಲ. ಆದರೆ ಹೆಚ್ಚಿನವು ಅಭಿನಂದನ ಗ್ರಂಥದ ಎರಕದಲ್ಲೇ ಬರುತ್ತವೆ. ಹೊಗಳಿಕೆ ಧಾರಾಳ, ಯಾವ ಹೆಸರು ಯಾವ ಪುಟದಲ್ಲಿದೆ ಎಂದು ಹೇಳುವ ಸೂಚಿ ಕೊನೆಯಲ್ಲಿ ಇರುವುದಿಲ್ಲ, ಒಂದು ಇಸವಿ ಹುಡುಕಲು ಹೊರಟರೆ ಇಡೀ ಪುಸ್ತಕ ತಡಕಬೇಕು. ಮುಖಪುಟದಲ್ಲಿ ‘ಆಕರಗ್ರಂಥ’ ಎಂದು ಹಾಕಿಕೊಳ್ಳುವ ಪ್ರಕಾಶಕರು ಮರುಮುದ್ರಣಕ್ಕೆ ಮೊದಲು ಕೆಲವನ್ನಾದರೂ ಸರಿಪಡಿಸಬೇಕು.

ಡಾ. ರಾಜ್‌ಕುಮಾರ್ ಚಿತ್ರಗಳ ಲೆಕ್ಕವನ್ನೇ ನೋಡಿ, ಒಂದೊಂದು ಕಡೆ ಒಂದೊಂದು ಸಂಖ್ಯೆ. ನೂರನೆಯದು ‘ಭಾಗ್ಯದ ಬಾಗಿಲು’ (1968), ಇನ್ನೂರನೆಯದು ‘ದೇವತಾ ಮನುಷ್ಯ’ (1988) ಎಂಬುದು ರೂಢಿಯ ಎಣಿಕೆ. ನಾಯಕರಾಗಿ ಮೊದಲ ಚಿತ್ರ 1954ರ ‘ಬೇಡರ ಕಣ್ಣಪ್ಪ’. ಹಾಗಾದರೆ 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ಕಾಣಿಸಿಕೊಂಡದ್ದು ಸೇರಬೇಕೆ? ತೆಲುಗಿನ ‘ಕಾಳಹಸ್ತಿ ಮಹಾತ್ಮ್ಯಂ’? ಅತಿಥಿ ಪಾತ್ರಗಳು? ಯಾವುದನ್ನು ಸೇರಿಸಿದರೂ ತಪ್ಪಲ್ಲ, ಏನನ್ನು ಸೇರಿಸಿದ್ದೇವೆ ಎಂದು ಹೇಳದಿರುವುದು ತಪ್ಪು. ನಾಯಕಪಾತ್ರಗಳಿಗಷ್ಟೇ ಕ್ರಮಸಂಖ್ಯೆ ಕೊಟ್ಟು, ಉಳಿದವಕ್ಕೆ ನಕ್ಷತ್ರ ಚಿಹ್ನೆ ಹಾಕಿ, ಪಟ್ಟಿಯ ತಲೆಯಲ್ಲಿ ಎರಡು ಸಾಲಿನ ವಿವರಣೆ ಕೊಟ್ಟರೆ ಜಗಳವೇ ಇಲ್ಲ.

‘ಮೊದಲ’ ಎಂಬ ಪದವೂ ಅಷ್ಟೇ ಅಪಾಯಕಾರಿ. ರಾಜ್‌ಕುಮಾರ್ ಹಾಡತೊಡಗಿದ್ದು 1974ರ ‘ಸಂಪತ್ತಿಗೆ ಸವಾಲ್’ನಿಂದ ಎಂದು ಕಣ್ಣುಮುಚ್ಚಿ ಬರೆಯುತ್ತಾರೆ. ‘ಓಹಿಲೇಶ್ವರ’ (1956), ‘ಮಹಿಷಾಸುರ ಮರ್ದಿನಿ’ (1959) ಚಿತ್ರಗಳಲ್ಲಿ ಆಗಲೇ ಅವರ ದನಿ ಇದೆ. 1974ರಿಂದಾಚೆಗೆ ನಿಯಮಿತವಾಗಿ ಹಾಡಿದರು ಎಂಬುದಷ್ಟೇ ನಿಜ.

ಇಸವಿಯ ಗೊಂದಲಕ್ಕೆ ಕಾರಣ ಬೇರೆ. ಸೆನ್ಸಾರ್ ಪ್ರಮಾಣಪತ್ರದ ದಿನ ಒಂದು, ತೆರೆಕಂಡ ದಿನ ಇನ್ನೊಂದು. ರಾಷ್ಟ್ರಪ್ರಶಸ್ತಿಗೆ ಲೆಕ್ಕವಾಗುವುದು ಪ್ರಮಾಣಪತ್ರದ ವರ್ಷ. ರಾಜ್ಯಪ್ರಶಸ್ತಿಯ ಹಳೆಯ ಪಟ್ಟಿಗಳಲ್ಲಿ 1972-73 ಎಂಬಂತೆ ಜೋಡಿ ವರ್ಷ ಇರುತ್ತದೆ. ‘ನಾಗರಹಾವು’ ಬಿಡುಗಡೆಯಾದದ್ದು 1972ರ ಡಿಸೆಂಬರ್ ಕೊನೆಯಲ್ಲಿ, ಅದರ ಶತದಿನೋತ್ಸವ ಬರುವುದೇ 1973ರಲ್ಲಿ. ಸಂಪಾದಕರು ಉತ್ಸವದ ಜಾಹೀರಾತು ನೋಡಿ ಇಸವಿ ಬರೆದರೆ ಒಂದು ವರ್ಷ ಜಾರಿತು ಎಂದೇ ಅರ್ಥ. ಪ್ರಮಾಣಪತ್ರ, ಬಿಡುಗಡೆ ಎರಡರ ದಿನಾಂಕಗಳಿಗೂ ಬೇರೆ ಬೇರೆ ಅಂಕಣ ಇರಲಿ. ಬಿಡುಗಡೆಯ ದಿನಕ್ಕೆ ಅಂದಿನ ದಿನಪತ್ರಿಕೆಯ ಜಾಹೀರಾತು, ಪಾತ್ರವರ್ಗಕ್ಕೆ ಚಿತ್ರಮಂದಿರದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಇವೆರಡನ್ನೂ ನೋಡದೆ ಹಿಂದಿನ ಪುಸ್ತಕದಿಂದ ಇಳಿಸಿಕೊಂಡರೆ ಹಿಂದಿನವರ ತಪ್ಪೂ ಜೊತೆಗೇ ಬರುತ್ತದೆ.

ಊರಿನ ಹೆಸರಿನಲ್ಲೂ ಎಚ್ಚರ ಬೇಕು. ಬರೀ ‘ಗಾಜನೂರು’ ಎಂದರೆ ಶಿವಮೊಗ್ಗದ ಓದುಗರಿಗೆ ತುಂಗಾ ಅಣೆಕಟ್ಟು ನೆನಪಾಗುತ್ತದೆ. ರಾಜ್ ಅವರ ಗಾಜನೂರು ತಾಳವಾಡಿ ಕಡೆಯದು, ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ, ಈಗ ತಮಿಳುನಾಡಿನ ಈರೋಡು. ‘ಆಗ’ ಮತ್ತು ‘ಈಗ’ ಎರಡನ್ನೂ ಬರೆಯಬೇಕು.

ಇನ್ನು ಹೆಸರಿನ ಸೂಚಿ. ಬಿ. ಸರೋಜಾದೇವಿ ‘ಸ’ದಲ್ಲಿ, ಎಂ.ವಿ. ರಾಜಮ್ಮ ‘ರ’ದಲ್ಲಿ ಸಿಗಬೇಕು. ಇನಿಷಿಯಲ್ ಹಿಡಿದು ಜೋಡಿಸಿದರೆ ಅರ್ಧ ಚಿತ್ರರಂಗ ‘ಎ’ಕಾರದಲ್ಲೇ ಗುಂಪುಗೂಡುತ್ತದೆ! ಮುತ್ತುರಾಜ್, ಸಂಪತ್‌ಕುಮಾರ್, ಕಮಲಾಕುಮಾರಿ ಎಂದು ಹುಡುಕಿದವರನ್ನು ರಾಜ್‌ಕುಮಾರ್, ವಿಷ್ಣುವರ್ಧನ್, ಜಯಂತಿ ಅವರಿಗೆ ದಾಟಿಸುವ ‘ನೋಡಿ’ ನಮೂದು ಬೇಕು. ಹಿಂದಿಯ ರಾಜ್‌ಕುಮಾರ್ ಅವರಿಗೆ ಪ್ರತ್ಯೇಕ ನಮೂದು. ‘ಸತ್ಯ ಹರಿಶ್ಚಂದ್ರ’ದಂಥ ಶೀರ್ಷಿಕೆಗೆ ಇಸವಿ ಕಡ್ಡಾಯ: 1943ರದು ಸುಬ್ಬಯ್ಯ ನಾಯ್ಡು ಅವರದು, 1965ರದು ರಾಜ್ ಅವರದು.

ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿಯವರ ಗಮನಕ್ಕೆ: ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ ಪಟ್ಟಿಯನ್ನು ಹಾಗೇ ‘ಸಾರ್ಟ್’ ಮಾಡಿದರೆ ಅಕಾರಾದಿ ಕೆಡುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೂ ಒಮ್ಮೆ ಕಣ್ಣಾಡಿಸಬೇಕು. ಪುಟಸಂಖ್ಯೆಗಳನ್ನು ಕೊನೆಯ ಪುಟವಿನ್ಯಾಸ ಮುಗಿದ ಮೇಲಷ್ಟೇ ತುಂಬಿ. ಬಳಿಕ ಛಾಯಾಚಿತ್ರಗಳ ಎಂಟು ಪುಟ ನಡುವೆ ತೂರಿಸಿದರೆ ಮುಂದಿನ ನಮೂದುಗಳೆಲ್ಲ ಎಂಟೆಂಟು ಪುಟ ತಪ್ಪುತ್ತವೆ.

ಪುಟ ಹೆಚ್ಚಾಗುತ್ತದೆ ಎಂಬ ನೆಪ ಬೇಡ. ಮುನ್ನೂರು ಪುಟದ ಪುಸ್ತಕಕ್ಕೆ ಹತ್ತು-ಹನ್ನೆರಡು ಪುಟದ ಸೂಚಿ ಸಾಕು. ಗಣ್ಯರ ಶುಭಸಂದೇಶಗಳನ್ನು ಕೈಬಿಟ್ಟರೆ ಅಷ್ಟು ಜಾಗ ಸಿಗುತ್ತದೆ.

– ಚಿತ್ರಚರಿತ್ರೆಯ ಓದುಗ, ಮೈಸೂರು