ಶಾಸಕರೇ, ನಮ್ಮ ಗಂಡು ಮೊಲಗಳಿಗೂ ಒಂದು ಎಸಿ ಕೊಡಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ವಿಜಯಪುರ ಜಿಲ್ಲೆಯ ರೈತ. ಆರು ವರ್ಷದಿಂದ ಮೊಲ ಸಾಕುತ್ತಿದ್ದೇನೆ. 22 ಹೆಣ್ಣು, 4 ಗಂಡು, ಎಲ್ಲಾ ನ್ಯೂಜಿಲೆಂಡ್ ವೈಟ್ ತಳಿ. ಮೂರು ವರ್ಷದಿಂದ ಕೇಳುತ್ತಿರುವುದು ಒಂದೇ: ಮೊಲಕ್ಕೂ ಕೃತಕ ಗರ್ಭಧಾರಣೆ ಮಾಡುವ ವ್ಯವಸ್ಥೆ ಜಿಲ್ಲೆಯಲ್ಲಿ ಒಂದು ಕಡೆಯಾದರೂ ಮಾಡಿಸಿ. ಮನವಿ ಕೊಟ್ಟಾಗಲೆಲ್ಲ "ನೋಡೋಣ" ಅಂದಿರಿ. ನೋಡಿದ್ದು ಸಾಕಾಯಿತು, ಅದಕ್ಕೇ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ನಮ್ಮ ಬೇಸಿಗೆ ನಿಮಗೇನು ಹೊಸದಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ಮಾಮೂಲು. ಗಂಡು ಮೊಲಕ್ಕೆ 30 ದಾಟಿದರೇ ವೀರ್ಯ ಕೆಡಲು ಶುರು. ತಗಡಿನ ಮೇಲೆ ಕಣಿಕೆ ಹೊದಿಸಿ, ಸುತ್ತ ಒದ್ದೆ ಗೋಣಿ ಕಟ್ಟಿ, ಪಂಜರದೊಳಗೆ ಐಸ್ ಕಟ್ಟಿದ ಬಾಟಲಿ ಇಡುತ್ತೇನೆ. ಗಂಡು ಅದಕ್ಕೆ ಹೊಟ್ಟೆ ಒತ್ತಿಕೊಂಡು ಉದ್ದಕ್ಕೆ ಬಿದ್ದಿರುತ್ತದೆ. ಕರೆಂಟ್ ಹೋದರೆ ಐಸೂ ಇಲ್ಲ, ಫ್ಯಾನೂ ಇಲ್ಲ. ಕರೆಂಟಿನ ಮಾತು ಇನ್ನೊಂದು ಪತ್ರಕ್ಕಿರಲಿ.

ಹೋದ ಮೇ ತಿಂಗಳ ಕಥೆ ಕೇಳಿ. ಬೆಳಗ್ಗೆ ತಂಪು ಹೊತ್ತಿನಲ್ಲೇ ಎಲ್ಲವನ್ನೂ ಜೋಡಿ ಬಿಟ್ಟೆ. ಮೊಲಕ್ಕೆ ಹಸುವಿನ ಹಾಗೆ 21 ದಿನಕ್ಕೊಮ್ಮೆ ಬೆದೆ ಇಲ್ಲ. ಗಂಡಿನ ಜೊತೆ ಕೂಡಿದರೇನೇ, ಅದಾದ 10-12 ಗಂಟೆ ಕಳೆದ ಮೇಲೆ ಅಂಡ ಬಿಡುಗಡೆಯಾಗುತ್ತದೆ. ಗಂಡಿನ ವೀರ್ಯದಲ್ಲಿ ಜೀವ ಇಲ್ಲದಿದ್ದರೂ ಹೆಣ್ಣಿನ ಮೈ ಗಬ್ಬ ನಿಂತಿತೆಂದೇ ನಂಬಿಬಿಡುತ್ತದೆ. 17ನೇ ದಿನ ಒಂದು ಹೆಣ್ಣು ಎದೆಯ ಕೂದಲು ಕಿತ್ತು ಗೂಡು ಮಾಡತೊಡಗಿತು. ಮರಿ ಹಾಕಬೇಕಾದದ್ದು 31ಕ್ಕೆ. ನನ್ನ ಹೆಂಡತಿ ಆ ಬಿಳಿ ಕೂದಲನ್ನು ಅಂಗೈಯಲ್ಲಿಟ್ಟುಕೊಂಡು "ಸುಳ್ಳು ಗಬ್ಬ" ಅಂದಳು. ಸಂಜೆಗೆ ಇನ್ನೂ ಮೂರು ಕಿತ್ತುಕೊಂಡಿದ್ದವು. 22ರಲ್ಲಿ ಗಬ್ಬ ನಿಂತದ್ದು 3. ಮಳೆ ಬಂತು, ತಂಪಾಯಿತು, ಆದರೂ ಹೊಸ ವೀರ್ಯ ತಯಾರಾಗಿ ಗಂಡು ಸರಿಹೋಗಲು ಸುಮಾರು ಎರಡು ತಿಂಗಳು ಬೇಕು. ಅಷ್ಟರಲ್ಲಿ ಶ್ರಾವಣ. ಶ್ರಾವಣದಲ್ಲಿ ಮಾಂಸ ಯಾರು ತಗೋತಾರೆ?

ಪಶು ಆಸ್ಪತ್ರೆಯೊಂದಕ್ಕೆ ಹೋಗಿ ಕೇಳಿದೆ. ಅಲ್ಲಿದ್ದವರು ನಕ್ಕರು. "ಏನ್ರೀ, ಮೊಲಕ್ಕೂ ಸೂಜಿ ಬೇಕೇನ್ರಿ? ಅದು ಒಂದನ್ನೊಂದು ನೋಡಿದ್ರ ಸಾಕು, ಮರಿ ಹಾಕ್ತೈತಿ." ನಕ್ಕಿದ್ದಕ್ಕೆ ಬೇಜಾರಿಲ್ಲ, ಬರೆದುಕೊಡಿ ಅಂದರು, ಬರೆದುಕೊಟ್ಟೆ. ನಾಲ್ಕು ತಿಂಗಳಿಗೆ ಉತ್ತರ ಬಂತು: ಜಾನುವಾರಿನ ಕಿವಿ ಟ್ಯಾಗ್ ಸಂಖ್ಯೆ ಮತ್ತು ದಿನದ ಹಾಲಿನ ಇಳುವರಿ ತಿಳಿಸಬೇಕಂತೆ! ಸೀಲು, ಸಹಿ ಎಲ್ಲಾ ಇದೆ. ಆ ಕಾಗದವನ್ನು ಪ್ಲಾಸ್ಟಿಕ್ ಹೊದಿಸಿ ಶೆಡ್ಡಿನಲ್ಲಿ ನೇತುಹಾಕಿದ್ದೇನೆ, ಬಂದವರೆಲ್ಲ ಓದಿ ನಗುತ್ತಾರೆ.

ಇನ್ನೊಬ್ಬರು ಕೊಡೈಕೆನಾಲ್ ಹತ್ತಿರದ ಮನ್ನವನೂರಿನ ಕುರಿ-ಮೊಲ ಸಂಶೋಧನಾ ಕೇಂದ್ರದಿಂದ ವೀರ್ಯ ತರಿಸಿ ಅಂದರು. ಹಸುವಿನ ವೀರ್ಯದ ಹಾಗೆ ಮೊಲದ್ದನ್ನು ಹೆಪ್ಪುಗಟ್ಟಿಸಿಟ್ಟರೆ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ತಾಜಾ ತೆಗೆದು, ತೆಳು ಮಾಡಿ, 15-18 ಡಿಗ್ರಿಯಲ್ಲಿಟ್ಟು ಒಂದು ದಿನದೊಳಗೆ ಬಳಸಿದರೆ ಒಳ್ಳೇದು. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಮುಗಿಯಿತು. ಹಾಗಾಗಿ ಇಲ್ಲೇ ಬೇಕು. ಒಂದು ತಂಪು ಕೋಣೆ, ಹತ್ತು ಒಳ್ಳೆಯ ಗಂಡು, ಒಂದು ಸೂಕ್ಷ್ಮದರ್ಶಕ, ತರಬೇತಿಯಾದ ಒಬ್ಬ ಮನುಷ್ಯ. ಗಂಡಿನ ಜೊತೆ ಕೂಡುವುದಿಲ್ಲವಾದ್ದರಿಂದ ಅಂಡ ಬಿಡಿಸಲು ಹೆಣ್ಣಿಗೆ ಒಂದು ಹಾರ್ಮೋನ್ ಸೂಜಿ. ಒಂದು ಗಂಡು ಒಂದು ಸಲ ಕೊಟ್ಟ ವೀರ್ಯದಲ್ಲೇ ಹತ್ತು ಹೆಣ್ಣಿಗೆ ಆಗುತ್ತದೆ. ಇಟಲಿ, ಸ್ಪೇನ್‌ನ ದೊಡ್ಡ ಫಾರಂಗಳಲ್ಲಿ ಇದು ದಿನನಿತ್ಯದ ಕೆಲಸ.

ನೀವು ಸಭೆ ಮಾಡುವ ಹಾಲ್‌ನಲ್ಲಿ ನಾಲ್ಕು ಎಸಿ ನೋಡಿದ್ದೇನೆ. ಅದರಲ್ಲೊಂದು ಬಿಚ್ಚಿ ಕೊಟ್ಟರೂ ನಮ್ಮ ಕೋಣೆ ತಂಪಾಗುತ್ತದೆ ಸ್ವಾಮಿ. ಮಾರ್ಚ್ ಒಳಗೆ ಆಗಬೇಕು. ಏಪ್ರಿಲ್‌ನಲ್ಲಿ ಉದ್ಘಾಟನೆ ಇಟ್ಟುಕೊಂಡರೆ ಅಷ್ಟರಲ್ಲಿ ನನ್ನ ಗಂಡುಗಳು ಮತ್ತೆ ಹೋಗಿರುತ್ತವೆ.

ಕೃತಕ ಗರ್ಭಧಾರಣೆ ಮಾಡಿಸಿಕೊಡಿ. ಮಾರ್ಚ್ ಒಳಗೆ.

ಇತಿ,
ವಿಜಯಪುರ ಜಿಲ್ಲೆಯ ಒಬ್ಬ ಮೊಲದ ರೈತ

ವಿ.ಸೂ.: ಕಿವಿ ಟ್ಯಾಗ್ ಇಲ್ಲ. ಹಾಲು ಇನ್ನೂ ಅಳೆದಿಲ್ಲ, ಚೊಂಬು ಹಿಡಿದರೆ ಓಡಿ ಹೋಗುತ್ತವೆ.